ಸಸ್ಯಶಾಸ್ತ್ರಜ್ಞ ಏಸಾ ಗ್ರೇ

ವಿಜ್ಞಾನವನ್ನು ಒಪ್ಪಿದವನು ದೇವರನ್ನು ಬಿಡಲೇಬೇಕೆ? ಜೀವವಿಕಾಸದ ಪಾಠ ಓದುವಾಗ ನಮ್ಮಲ್ಲಿ ಅನೇಕರಿಗೆ ಈ ಸಂದೇಹ ಬರುವುದುಂಟು. ಇದೇ ಪ್ರಶ್ನೆಯನ್ನು ಧೈರ್ಯದಿಂದ ಎದುರಿಸಿದವರು ಅಮೇರಿಕದ ಏಸಾ ಗ್ರೇ.

ಗ್ರೇಯವರು 1810ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಜನಿಸಿದರು. ವೈದ್ಯ ಪದವಿ ಪಡೆದರೂ ಅವರ ಮನಸ್ಸು ಗಿಡಮರಗಳಿಗೆ ಒಲಿಯಿತು. 1842ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರು ನಿಷ್ಠಾವಂತ ಕ್ರೈಸ್ತರು.

ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ನರು 1857ರಲ್ಲಿ ತಮ್ಮ ಸಿದ್ಧಾಂತದ ಸಾರವನ್ನು ಗ್ರೇಯವರಿಗೆ ಪತ್ರಮುಖೇನ ತಿಳಿಸಿದರು. ಆಗ ಅದನ್ನು ಬಲ್ಲವರು ಕೆಲವರೇ. 1859ರಲ್ಲಿ ಡಾರ್ವಿನ್ನರ ಗ್ರಂಥ ಹೊರಬಂದಾಗ ಹಲವು ಧರ್ಮನಿಷ್ಠರು ಕೆರಳಿದರು. ಹಾರ್ವರ್ಡಿನವರೇ ಆದ ಪ್ರಖ್ಯಾತ ವಿಜ್ಞಾನಿ ಲೂಯಿ ಅಗಾಸಿ ಅದನ್ನು ಬಲವಾಗಿ ವಿರೋಧಿಸಿದರು. ಗ್ರೇಯವರು ಹಿಂಜರಿಯಲಿಲ್ಲ. ಜಪಾನಿನ ಸಸ್ಯಗಳಿಗೂ ಪೂರ್ವ ಅಮೇರಿಕದ ಸಸ್ಯಗಳಿಗೂ ಇರುವ ಹೋಲಿಕೆಯನ್ನು ಅವರೇ ಪರಿಶೀಲಿಸಿದ್ದರು. ಅವೆಲ್ಲ ಒಂದೇ ಮೂಲದಿಂದ ಹರಡಿದವೆಂದರೆ ಆ ಹೋಲಿಕೆಗೆ ಕಾರಣ ದೊರೆಯುತ್ತಿತ್ತು. ಈ ಸಿದ್ಧಾಂತ ಸೃಷ್ಟಿಕರ್ತನನ್ನು ಅಲ್ಲಗಳೆಯುವುದಿಲ್ಲವೆಂದು 1860ರಲ್ಲಿ ಲೇಖನಗಳ ಮೂಲಕ ವಾದಿಸಿದರು.

ಜೀವಿಗಳಲ್ಲಿ ಕಾಣುವ ಮಾರ್ಪಾಡುಗಳನ್ನು ದೇವರೇ ಸರಿದಾರಿಯಲ್ಲಿ ನಡೆಸುತ್ತಾನೆಂಬುದು ಗ್ರೇಯವರ ನಂಬಿಕೆ. ಡಾರ್ವಿನ್ನರು ಇದನ್ನು ಒಪ್ಪದೆ 1868ರ ತಮ್ಮ ಗ್ರಂಥದಲ್ಲಿ ಹಾಗೆಂದು ಬರೆದರು. ವಿಜ್ಞಾನವೂ ಆ ವಿವರಣೆಯನ್ನು ಸ್ವೀಕರಿಸಲಿಲ್ಲ. ಆದರೂ ಅವರ ಸ್ನೇಹ ಮುರಿಯಲಿಲ್ಲ. 1877ರಲ್ಲಿ ಹೂಗಳನ್ನು ಕುರಿತ ತಮ್ಮ ಗ್ರಂಥವನ್ನು ಡಾರ್ವಿನ್ನರು ಈ ಗೆಳೆಯನಿಗೇ ಅರ್ಪಿಸಿದರು. ಗ್ರೇಯವರು 1888ರಲ್ಲಿ ನಿಧನರಾದರು. ಕೊನೆಯವರೆಗೂ ಅವರು ಶ್ರದ್ಧೆಯನ್ನೂ ಬಿಡಲಿಲ್ಲ, ಸಾಕ್ಷ್ಯವನ್ನೂ ಮರೆಮಾಚಲಿಲ್ಲ.

ಕಂಡ ಸತ್ಯಕ್ಕೆ ಅಂಜದಿರುವುದನ್ನೂ, ಭಿನ್ನಮತದವರನ್ನು ಪ್ರೀತಿಸುವುದನ್ನೂ ನಾವು ಅವರಿಂದ ಕಲಿಯೋಣ.