ಸೈಕಲ್ಲಿನ ಮೈಮೇಲೆ ಇಸವಿ ಬರೆದವರು: ಟುಲಿಯೊ ಕಂಪಾನ್ಯೋಲೊ

ಹಳೆಯ ಸೈಕಲ್ಲಿಗೆ ಜನನ ಪತ್ರ ಇರುವುದಿಲ್ಲ. ಕೊಂಡ ದಿನದ ರಸೀದಿ ಗೆದ್ದಲಿನ ಪಾಲಾಗಿರುತ್ತದೆ. ಬಣ್ಣ ಎರಡು ಮೂರು ಸಲ ಬದಲಾಗಿರುತ್ತದೆ. ಸೀಟು, ಟೈರು, ಪೆಡಲುಗಳಂತೂ ಎಷ್ಟು ಸಲ ಬಂದು ಹೋದವೋ ಲೆಕ್ಕವಿಲ್ಲ. ಹಾಗಿದ್ದರೂ ಅದು ಯಾವ ಕಾಲದ್ದು ಎಂದು ಹೇಳುವವರು ಇದ್ದಾರೆ. ಅವರು ನೋಡುವುದು ಹೊಳಪನ್ನಲ್ಲ, ಲೋಹದಲ್ಲಿ ಒತ್ತಿದ ಸಣ್ಣ ಅಂಕಿಗಳನ್ನು. ನಮ್ಮ ಹಿರಿಯರು ಓಡಿಸುತ್ತಿದ್ದ ಇಂಗ್ಲೆಂಡಿನ ರ‍್ಯಾಲಿ ಸೈಕಲ್ಲಿನಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇದ್ದರೆ, ಆ ಹಬ್ಬಿನ ಮೇಲೆ ತಯಾರಾದ ವರ್ಷದ ಅಂಕಿ ಸಾಮಾನ್ಯವಾಗಿ ಸಿಗುತ್ತದೆ. ಎಣ್ಣೆ ಜಿಡ್ಡು ಒರೆಸಿ ನೋಡಬೇಕು ಅಷ್ಟೆ.

ಯುರೋಪಿನ ಹಳೆಯ ರೇಸ್ ಸೈಕಲ್ಲುಗಳ ವಿಷಯಕ್ಕೆ ಬಂದರೆ ಹೀಗೆ ಹುಡುಕುವವರು ಮೊದಲು ಹುಡುಕುವ ಹೆಸರು ಒಂದೇ. ಕಂಪಾನ್ಯೋಲೊ. ಇದು ಸೈಕಲ್ಲಿನ ಹೆಸರಲ್ಲ, ಬಿಡಿಭಾಗಗಳ ಹೆಸರು. ಬಿಯಾಂಕಿ ಇರಲಿ, ಲೆನ್ಯಾನೊ ಇರಲಿ, ಕೊಲ್ನಾಗೊ ಇರಲಿ, ಚೌಕಟ್ಟು ಯಾರದೇ ಆದರೂ ಅದರ ಹಬ್ಬು, ಗೇರು, ಕ್ರ್ಯಾಂಕುಗಳ ಮೇಲೆ ಈ ಹೆಸರು ಇರುತ್ತಿತ್ತು. ಆ ಹೆಸರಿನ ಹಿಂದೆ ಇದ್ದವರು ಇಟಲಿಯ ಒಬ್ಬ ಸಾಮಾನ್ಯ ಸ್ಪರ್ಧಾಳು. ಅವರ ಬದುಕು ಗೊತ್ತಾದರೆ ಹಳೆಯ ಸೈಕಲ್ಲಿನ ವಯಸ್ಸು ಹೇಳುವ ವಿದ್ಯೆಯೂ ಅರ್ಧ ಗೊತ್ತಾದಂತೆ.

ಕಬ್ಬಿಣದ ಅಂಗಡಿಯ ಹುಡುಗ

ಟುಲಿಯೊ ಕಂಪಾನ್ಯೋಲೊ ಹುಟ್ಟಿದ್ದು 1901ರ ಆಗಸ್ಟ್ 26ರಂದು, ಉತ್ತರ ಇಟಲಿಯ ವಿಚೆಂಜಾ ನಗರದಲ್ಲಿ. ತಂದೆಯದು ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ತಿರುಪು, ಬೀಗ, ಚಿಲಕಗಳ ನಡುವೆಯೇ ಹುಡುಗ ಬೆಳೆದರು. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಜೋಡಿಸುವ ಹುಚ್ಚು ಅಲ್ಲಿಂದಲೇ ಬಂತು.

ಆಗಿನ ಇಟಲಿಯಲ್ಲಿ ಸೈಕಲ್ ರೇಸ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದಂತೆ. 1922ರಿಂದ ಟುಲಿಯೊ ಅವರೂ ಸ್ಪರ್ಧೆಗೆ ಇಳಿದರು. ದೊಡ್ಡ ಗೆಲುವು ಯಾವುದೂ ಬರಲಿಲ್ಲ. ಗೆದ್ದವರ ಪಟ್ಟಿಯಲ್ಲಿ ಅವರನ್ನು ಹುಡುಕಿದರೆ ನಿರಾಸೆಯೇ ಸರಿ. ಆದರೆ ಮಣ್ಣು ರಸ್ತೆಯಲ್ಲಿ, ಮಳೆಯಲ್ಲಿ, ಹಿಮದಲ್ಲಿ ಸೈಕಲ್ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅವರು ಮೈಯಿಂದಲೇ ಕಲಿತರು.

ಹಿಮದಲ್ಲಿ ಹೆಪ್ಪುಗಟ್ಟಿದ ನಟ್ಟು

ಅಂದಿನ ರೇಸ್ ಸೈಕಲ್ಲಿಗೆ ಈಗಿನಂತೆ ಗೇರ್ ಇರಲಿಲ್ಲ. ಹಿಂದಿನ ಚಕ್ರದ ಎಡಕ್ಕೊಂದು ಬಲಕ್ಕೊಂದು ಹಲ್ಲುಚಕ್ರ ಇರುತ್ತಿತ್ತು. ಒಂದು ಸಮತಟ್ಟು ದಾರಿಗೆ, ಇನ್ನೊಂದು ಏರಿಗೆ. ಬೆಟ್ಟದ ಬುಡಕ್ಕೆ ಬಂದಾಗ ಸವಾರ ಇಳಿದು, ರೆಕ್ಕೆಯಂಥ ಕಿವಿಗಳಿದ್ದ ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ, ಚಕ್ರ ಕಳಚಿ, ಮಗುಚಿ ಹಾಕಿ, ಮತ್ತೆ ಬಿಗಿದು ಹೊರಡಬೇಕು. ಚಕ್ರ ಬೇಗ ಮಗುಚಿದವನು ಮುಂದೆ ಹೋದ, ಉಳಿದವನು ಹಿಂದೆ ಬಿದ್ದ.

ಅದೊಂದು ನವೆಂಬರ್ ತಿಂಗಳ ಸ್ಪರ್ಧೆ. ಫೆಲ್ಟ್ರೆ ಪಟ್ಟಣದ ಮೇಲಿರುವ ಕ್ರೊಚೆ ದಾವ್ನೆ ಎಂಬ ಘಾಟಿಯ ದಾರಿ. ಮುಂಚೂಣಿಯಲ್ಲಿದ್ದ ಟುಲಿಯೊ ಚಕ್ರ ಮಗುಚಲು ಇಳಿದರು. ಹಿಮ ಬೀಳುತ್ತಿತ್ತು. ಬೆರಳುಗಳು ಮರಗಟ್ಟಿದ್ದವು, ನಟ್ಟು ಹೆಪ್ಪುಗಟ್ಟಿತ್ತು. ಎಷ್ಟು ಹೆಣಗಿದರೂ ಅದು ಕದಲಲಿಲ್ಲ. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿ ಹೋದರು. ಗೆಲ್ಲಬಹುದಾಗಿದ್ದ ಸ್ಪರ್ಧೆ ಒಂದು ನಟ್ಟಿನ ದೆಸೆಯಿಂದ ಕೈತಪ್ಪಿತು.

ಈ ಘಟನೆಯನ್ನು ಕೆಲವರು 1924ಕ್ಕೂ ಕೆಲವರು 1927ಕ್ಕೂ ಸೇರಿಸುತ್ತಾರೆ. ಇದರ ವಿವರಗಳ ಬಗ್ಗೆ ಸೈಕಲ್ ಇತಿಹಾಸ ಬಲ್ಲವರು ಅನುಮಾನವನ್ನೂ ಎತ್ತಿದ್ದಾರೆ. ಕಂಪನಿಯವರು ದಶಕಗಳ ಕಾಲ ಹೇಳಿ ಹೇಳಿ ಕತೆ ದುಂಡಗಾಗಿರಲೂ ಸಾಕು. ಆದರೆ ಆ ಕಾಲದ ಸವಾರರಿಗೆ ರೆಕ್ಕೆ ನಟ್ಟು ಕೊಟ್ಟ ಕಾಟ ಮಾತ್ರ ನಿಜ. ಅದಕ್ಕೆ ಟುಲಿಯೊ ಕಂಡುಕೊಂಡ ಪರಿಹಾರವೂ ನಿಜ.

ಒಂದು ಸನ್ನೆ, ಒಂದು ಕಡ್ಡಿ

ಪರಿಹಾರ ಬಹಳ ಸರಳ. ಚಕ್ರದ ಅಚ್ಚನ್ನು ಕೊಳವೆಯಂತೆ ಟೊಳ್ಳು ಮಾಡಿದರು. ಅದರೊಳಗೆ ಒಂದು ಉಕ್ಕಿನ ಕಡ್ಡಿ ತೂರಿಸಿದರು. ಕಡ್ಡಿಯ ಒಂದು ತುದಿಗೆ ನಟ್ಟು, ಇನ್ನೊಂದು ತುದಿಗೆ ಸಣ್ಣ ಸನ್ನೆ. ಸನ್ನೆಯ ಬುಡ ಸರಿಯಾದ ದುಂಡಗಿಲ್ಲ, ಒಂದು ಬದಿ ಉಬ್ಬಿದೆ. ಸನ್ನೆಯನ್ನು ಮಡಚಿದಾಗ ಆ ಉಬ್ಬು ಕಡ್ಡಿಯನ್ನು ಎಳೆದು ಚಕ್ರವನ್ನು ಚೌಕಟ್ಟಿಗೆ ಅದುಮುತ್ತದೆ. ಬಿಡಿಸಿದರೆ ಚಕ್ರ ಸಡಿಲ. ಪಾನಾ ಬೇಡ, ಬೆರಳಿನ ಬಲ ಬೇಡ, ಕೈಗವಸು ಹಾಕಿಕೊಂಡೇ ಮಾಡಬಹುದು. ಇಂದು ಕ್ವಿಕ್ ರಿಲೀಸ್ ಎಂದು ಕರೆಯುವುದು ಇದನ್ನೇ. ಈಗ ನಮ್ಮೂರ ಮಕ್ಕಳು ಓಡಿಸುವ ಎಷ್ಟೋ ಗೇರ್ ಸೈಕಲ್ಲುಗಳ ಮುಂಚಕ್ರದಲ್ಲಿ, ಸೀಟಿನ ಕೆಳಗೆ ಈ ಸನ್ನೆ ಇದೆ.

1933ರಲ್ಲಿ ವಿಚೆಂಜಾದಲ್ಲೇ ಟುಲಿಯೊ ತಮ್ಮ ಕಂಪನಿ ಶುರು ಮಾಡಿದರು. ಕಂಪನಿ ಎಂದರೆ ತಂದೆಯ ಅಂಗಡಿಯ ಹಿಂದಿನ ಕೋಣೆ. ಪೂರ್ಣಾವಧಿಯ ಮೊದಲ ಕೆಲಸಗಾರ ಬಂದಿದ್ದು 1940ರಲ್ಲಿ. ಅಲ್ಲಿಯವರೆಗೂ ಹೆಚ್ಚಿನ ದುಡಿಮೆ ಅವರೊಬ್ಬರದೇ. ಅಷ್ಟರಲ್ಲಿ ಯುದ್ಧ ಬಂತು. ಬೇರೆಯವರಾದರೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮರಳುತ್ತಿದ್ದರೇನೋ. ಇವರು ಬಿಡಲಿಲ್ಲ.

ಸವಾರರೇ ಪರೀಕ್ಷಕರು

ಚಕ್ರ ಬಿಚ್ಚುವುದು ಸುಲಭವಾಯಿತು. ಇನ್ನು ಬಿಚ್ಚುವುದೇ ಬೇಡವಾಗಬೇಕು. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಓಟದ ನಡುವೆ ಚೈನು ಬದಲಿಸುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಟುಲಿಯೊ ಮಾಡಿದ ಕಾಂಬಿಯೊ ಕೊರ್ಸಾ ಎಂಬ ಗೇರಿನಲ್ಲಿ ಸೀಟಿನ ಹಿಂದೆ ಎರಡು ಉದ್ದನೆಯ ಸರಳುಗಳಿದ್ದವು. ಸವಾರ ಓಡುತ್ತಲೇ ಕೈ ಹಿಂದೆ ಚಾಚಿ ಒಂದು ಸರಳಿನಿಂದ ಹಿಂದಿನ ಚಕ್ರವನ್ನೇ ಸಡಿಲಿಸಬೇಕು. ಪೆಡಲನ್ನು ಹಿಮ್ಮುಖ ತುಳಿಯುತ್ತ ಇನ್ನೊಂದು ಸರಳಿನಿಂದ ಚೈನು ದಾಟಿಸಬೇಕು. ಆಮೇಲೆ ಚಕ್ರ ಬಿಗಿಯಬೇಕು. ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೂ ಜೀನೊ ಬಾರ್ತಾಲಿ 1948ರ ಟೂರ್ ದ ಫ್ರಾನ್ಸ್ ಗೆದ್ದದ್ದು ಇದೇ ಗೇರಿನಿಂದ. ಎರಡು ಸರಳಿನ ಕೆಲಸವನ್ನು ಒಂದಕ್ಕೇ ಇಳಿಸಿದ ಇನ್ನೊಂದು ಗೇರಿನಲ್ಲಿ ಫೌಸ್ಟೊ ಕೊಪ್ಪಿ 1950ರ ಪ್ಯಾರಿಸ್-ರೂಬೆ ಸ್ಪರ್ಧೆ ಗೆದ್ದರು. ಆ ಗೇರಿಗೆ ಸ್ಪರ್ಧೆಯ ಹೆಸರೇ ಬಂತು.

ಅಷ್ಟರಲ್ಲೇ ಟುಲಿಯೊ ಅದನ್ನೂ ಹಳತು ಮಾಡುವ ಸಿದ್ಧತೆಯಲ್ಲಿದ್ದರು. 1949ರಲ್ಲಿ ತೋರಿಸಿ 1951ರ ಹೊತ್ತಿಗೆ ಮಾರುಕಟ್ಟೆಗೆ ತಂದ ಗ್ರಾನ್ ಸ್ಪೋರ್ಟ್ ಗೇರಿನಲ್ಲಿ ಸರಳುಗಳಿಲ್ಲ. ಒಂದು ತಂತಿ, ಒಂದು ಸ್ಪ್ರಿಂಗು, ಓರೆಯಾಗುವ ನಾಲ್ಕು ಮೂಲೆಯ ಒಂದು ಚೌಕಟ್ಟು. ತಂತಿ ಎಳೆದರೆ ಆ ಚೌಕಟ್ಟು ಓರೆಯಾಗಿ ಚೈನನ್ನು ಪಕ್ಕದ ಹಲ್ಲುಚಕ್ರಕ್ಕೆ ದಾಟಿಸುತ್ತದೆ. ಈ ಯೋಚನೆ ಅವರಿಗೇ ಮೊದಲು ಹೊಳೆದದ್ದಲ್ಲ, ಫ್ರಾನ್ಸಿನಲ್ಲಿ ಅದಕ್ಕೂ ಮುಂಚೆ ಇಂಥ ಪ್ರಯತ್ನಗಳಾಗಿದ್ದವು. ಆದರೆ ರೇಸಿನ ಹೊಡೆತ ತಾಳುವಂತೆ ಗಟ್ಟಿಯಾಗಿ ಮಾಡಿ ಎಲ್ಲ ಸವಾರರೂ ಒಪ್ಪುವಂತೆ ಮಾಡಿದ್ದು ಅವರು. ಇಂದಿನ ಗೇರುಗಳು ಈಗಲೂ ಅದೇ ಜಾಡಿನಲ್ಲಿವೆ.

ಸ್ಪರ್ಧೆಗಳಿಗೆ ಖುದ್ದಾಗಿ ಹೋಗುವುದು, ಸವಾರರ ದೂರು ಕೇಳುವುದು, ಮುರಿದ ಭಾಗ ಹಿಡಿದು ನೋಡುವುದು ಅವರ ರೂಢಿ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಅವರಿಗೆ ಆಪ್ತರಾಗಿದ್ದರು. 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ನಗರದಲ್ಲಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಮಾಡಿದರು. ಆ ಸೈಕಲ್ಲಿಗೆ ತೂಕ ಇಳಿಸಿದ ಕಂಪಾನ್ಯೋಲೊ ಭಾಗಗಳೇ ಇದ್ದವು.

ಲೋಹದ ಹುಚ್ಚು ಸೈಕಲ್ಲಿಗೆ ನಿಲ್ಲಲಿಲ್ಲ. ಮೆಗ್ನೀಸಿಯಂ ಎಂಬ ಹಗುರ ಲೋಹವನ್ನು ಎರಕ ಹೊಯ್ಯುವುದನ್ನು ಕರಗತ ಮಾಡಿಕೊಂಡು ಲಂಬೋರ್ಗಿನಿ ಕಾರುಗಳಿಗೂ ಚಕ್ರ ಮಾಡಿಕೊಟ್ಟರು. 1960ರ ದಶಕದಲ್ಲಿ ದ್ರಾಕ್ಷಾರಸದ ಬಾಟಲಿಯ ಬಿರಡೆ ತೆಗೆಯುವ ಒಂದು ಸಾಧನವನ್ನೂ ತಂದರು. ಬಿಗಿಯಾಗಿ ಕೂತದ್ದನ್ನು ಸಲೀಸಾಗಿ ಬಿಡಿಸುವ ಉಪಾಯ ಹುಡುಕುವುದು ಅವರ ಜನ್ಮದ ಕೆಲಸವೇ ಆಗಿತ್ತು.

ವಯಸ್ಸು ಓದುವ ಬಗೆ

ಈಗ ಹಳೆಯ ಸೈಕಲ್ಲಿನ ಪ್ರಶ್ನೆಗೆ ಬರೋಣ. ಟುಲಿಯೊ ಒಂದು ಭಾಗವನ್ನು ಒಮ್ಮೆ ಮಾಡಿ ಸುಮ್ಮನೆ ಕೂತವರಲ್ಲ, ತಿದ್ದುತ್ತಲೇ ಇದ್ದರು. ಆ ತಿದ್ದುಪಡಿಗಳೇ ಇಂದು ಕಾಲದ ಗುರುತುಗಳಾಗಿವೆ.

ಹಿಂದಿನ ಚಕ್ರ ಕೂರುವ ಜಾಗದಲ್ಲಿ ಗರಗಸದಂಥ ಹಲ್ಲುಗಳಿದ್ದರೆ ಆ ಚೌಕಟ್ಟು ಸರಳು ಗೇರಿನ ಕಾಲದ್ದು, ಅಂದರೆ 1940ರ ದಶಕ ಅಥವಾ 50ರ ದಶಕದ ಆರಂಭ. ಹಿಂದಿನ ಗೇರು ಗ್ರಾನ್ ಸ್ಪೋರ್ಟ್ ಆದರೆ 1950ರ ದಶಕದ ಕಡೆಗೆ ಕಣ್ಣು ಹೋಗಬೇಕು. ರೆಕಾರ್ಡ್ ಎಂಬ ಗೇರು ಬಂದಿದ್ದು 1963ರಲ್ಲಿ, ಅದು ಭಾರ. ಅಲ್ಯೂಮಿನಿಯಂನ ನುವೊವೊ ರೆಕಾರ್ಡ್ ಬಂದಿದ್ದು 1967ರಲ್ಲಿ. ಟೈಟಾನಿಯಂ ಬೋಲ್ಟುಗಳ ಸೂಪರ್ ರೆಕಾರ್ಡ್ 1970ರ ದಶಕದ ನಡುವಿನದು.

ನಮ್ಮ ಸಾದಾ ಸೈಕಲ್ಲಿನ ಪೆಡಲು ಕಡ್ಡಿಯನ್ನು ಕಾಟರ್ ಪಿನ್ನು ಬಡಿದು ಕೂರಿಸುವುದು ನಿಮಗೆ ಗೊತ್ತೇ ಇದೆ. ಕಂಪಾನ್ಯೋಲೊ 1958ರಲ್ಲಿ ಪಿನ್ನಿಲ್ಲದ ಅಲ್ಯೂಮಿನಿಯಂ ಕ್ರ್ಯಾಂಕು ತಂದಿತು. ಮುಂದಿನ ಹಲ್ಲುಚಕ್ರವನ್ನು ಹಿಡಿಯುವ ಐದು ಬೋಲ್ಟುಗಳ ವೃತ್ತದ ಅಗಲ ಮೊದಲು 151 ಮಿಲಿಮೀಟರ್ ಇದ್ದದ್ದು 1967ರ ಸುಮಾರಿಗೆ 144 ಆಯಿತು. ಒಂದು ಅಳತೆ ಪಟ್ಟಿ ಸಾಕು, ಎರಡು ಕಾಲ ಬೇರೆಯಾಗುತ್ತವೆ. ಕ್ರ್ಯಾಂಕಿನ ಹಿಂಬದಿಯಲ್ಲಿ ಸಾಮಾನ್ಯವಾಗಿ 1970ರ ದಶಕದ ಅಂಕಿ ವಜ್ರಾಕೃತಿಯ ಒಳಗೂ 80ರ ದಶಕದ ಅಂಕಿ ವೃತ್ತದ ಒಳಗೂ ಇರುತ್ತದೆ.

ಇನ್ನು ಹಬ್ಬಿನ ಅಚ್ಚಿನ ಮೇಲಿರುವ ಲಾಕ್ ನಟ್ಟು. ಹಳೆಯ ರೆಕಾರ್ಡ್ ಹಬ್ಬುಗಳ ಈ ಸಣ್ಣ ನಟ್ಟಿನ ಮೇಲೆ 'ಕ್ಯಾಮ್' ಎಂಬ ರೋಮನ್ ಅಕ್ಷರಗಳ ಜೊತೆ ಇಸವಿಯ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ನುವೊವೊ ರೆಕಾರ್ಡ್ ಗೇರಿನ ಮೇಲೂ 'ಪೇಟೆಂಟ್' ಎಂಬ ಪದದ ಮುಂದೆ 72, 75, 78 ಹೀಗೆ ಅಂಕಿ ಕಾಣುತ್ತದೆ. ಇಲ್ಲೇ ಬಹಳ ಜನ ಎಡವುವುದು. ಅದು ಪೇಟೆಂಟ್ ಸಿಕ್ಕಿದ ವರ್ಷವಲ್ಲ, ಆ ಭಾಗ ತಯಾರಾದ ವರ್ಷದ ಸೂಚನೆ. 'ಬ್ರೆವ್' ಎಂದಿದ್ದರೆ ಗಾಬರಿ ಬೇಡ, ಪೇಟೆಂಟ್ ಆಗಿದೆ ಎಂಬುದಕ್ಕೆ ಇಟಲಿಯವರ ಸಂಕ್ಷೇಪ ಅದು.

ಎಚ್ಚರಿಕೆಯ ಮಾತೂ ಇದೆ. ಒಂದು ನಟ್ಟು ನೋಡಿ ಇಡೀ ಸೈಕಲ್ಲಿನ ಜಾತಕ ಬರೆಯಬಾರದು. ರೇಸಿನ ಸೈಕಲ್ಲಿನಲ್ಲಿ ಸವೆದ ಭಾಗ ಬದಲಾಗುತ್ತಲೇ ಇರುತ್ತದೆ. 1965ರ ಚೌಕಟ್ಟಿಗೆ 1978ರ ಗೇರು ಹಾಕಿದ್ದರೆ ಆಶ್ಚರ್ಯವಿಲ್ಲ. ಹಬ್ಬು, ಕ್ರ್ಯಾಂಕು, ಗೇರು ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು. ಮೂರು ಮೂರು ದಿಕ್ಕಿಗೆ ಎಳೆದರೆ ಚೌಕಟ್ಟನ್ನೇ ಕೇಳಬೇಕು. ಹಿಂದಿನ ಚಕ್ರ ಕೂರುವ ಸಂದಿನ ಅಗಲ 120 ಮಿಲಿಮೀಟರ್ ಇದ್ದರೆ ಅದು ಐದು ಹಲ್ಲುಚಕ್ರಗಳ ಕಾಲದ್ದು, 126 ಇದ್ದರೆ ಆರರ ನಂತರದ್ದು. ಪೆಡಲಿನ ಅಚ್ಚು ತೂರುವ ಕೊಳವೆಯ ಅಗಲ 70 ಮಿಲಿಮೀಟರ್ ಆದರೆ ಇಟಲಿಯ ಅಳತೆ, 68 ಆದರೆ ಇಂಗ್ಲೆಂಡಿನದು. ಸೈಕಲ್ ಹಳೆಯದೆಂದು ಹೇಳಿ ದುಬಾರಿ ಬೆಲೆಗೆ ಮಾರುವವರ ಮಾತಿಗಿಂತ ಈ ಅಳತೆಗಳು ಹೆಚ್ಚು ಪ್ರಾಮಾಣಿಕ.

ಅದಕ್ಕೇ ಬಲ್ಲವರು ಹಳೆಯ ಸೈಕಲ್ ಸಿಕ್ಕ ಕೂಡಲೇ ಮರಳು ಕಾಗದ ಹಿಡಿದು ಉಜ್ಜುವುದಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಾರೆ, ಅಂಕಿಗಳನ್ನು ಬರೆದಿಟ್ಟುಕೊಳ್ಳುತ್ತಾರೆ, ತೆಗೆದ ಹಳೆಯ ನಟ್ಟನ್ನು ಗುಜರಿಗೆ ಎಸೆಯುವುದಿಲ್ಲ. ಒಮ್ಮೆ ಉಜ್ಜಿ ಹೋದ ಇಸವಿ ಮತ್ತೆ ಬರುವುದಿಲ್ಲ.

ಕೊನೆಯ ದಿನಗಳು

1970ರ ದಶಕದಲ್ಲಿ ಜಪಾನಿನ ಶಿಮಾನೊ ಕಂಪನಿ ರೇಸಿನ ಕಣಕ್ಕೆ ಇಳಿಯಿತು. 1973ರಲ್ಲಿ ತಂದ ಡ್ಯುರಾ-ಏಸ್ ಭಾಗಗಳು ಕಂಪಾನ್ಯೋಲೊಗೆ ನೇರ ಸವಾಲಾದವು. ಟುಲಿಯೊ ತಮ್ಮ ಜೀವಿತದಲ್ಲಿ ಸಿಂಹಾಸನ ಬಿಟ್ಟುಕೊಡಲಿಲ್ಲ. 1983ರಲ್ಲಿ ಕಂಪನಿಗೆ ಐವತ್ತು ತುಂಬಿತು. ಆ ನೆನಪಿಗೆ ಚಿನ್ನದ ಬಣ್ಣದ ಅಲಂಕಾರವಿದ್ದ ವಿಶೇಷ ಬಿಡಿಭಾಗಗಳ ಪೆಟ್ಟಿಗೆ ಹೊರಬಂತು. ಅದೇ ವರ್ಷದ ಫೆಬ್ರವರಿಯಲ್ಲಿ, 81ನೆಯ ವಯಸ್ಸಿನಲ್ಲಿ ಟುಲಿಯೊ ತೀರಿಕೊಂಡರು. ಮಗ ವಾಲೆಂಟಿನೊ ಚುಕ್ಕಾಣಿ ಹಿಡಿದರು. ಮುಂದಿನ ವರ್ಷಗಳಲ್ಲಿ, ಕ್ಲಿಕ್ ಎಂದು ತಾನಾಗಿ ಸ್ಥಾನಕ್ಕೆ ಕೂರುವ ಗೇರಿನಿಂದ ಶಿಮಾನೊ ಮುಂದೆ ಹೋಯಿತು. ಒಬ್ಬರು ಕಟ್ಟಿದ ಯುಗ ಅವರೊಡನೆಯೇ ಮುಗಿಯಿತು ಎಂದರೂ ತಪ್ಪಲ್ಲ.

ಕ್ರೊಚೆ ದಾವ್ನೆ ಘಾಟಿಯಲ್ಲಿ ಈಗ ಟುಲಿಯೊ ಅವರ ಸ್ಮಾರಕವಿದೆ. ಸ್ಪರ್ಧೆ ಗೆದ್ದವರಿಗೆ ಸ್ಮಾರಕ ಕಟ್ಟುವುದು ಲೋಕರೂಢಿ. ಸೋತ ಜಾಗದಲ್ಲಿ ಸ್ಮಾರಕ ಪಡೆದವರು ವಿರಳ. ಅಂದು ಅವರನ್ನು ದಾಟಿ ಹೋದವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ನಿಂತುಹೋದವರ ಹೆಸರು ಮಾತ್ರ ಲಕ್ಷಾಂತರ ಸೈಕಲ್ಲುಗಳ ಮೇಲೆ, ಇಸವಿ ಸಮೇತ, ಅಚ್ಚೊತ್ತಿ ಉಳಿದಿದೆ.