ಹೆದರಿಕೆಯ ಮೂಲವನ್ನು ಅರಸಿದ ವಾಲ್ಟರ್ ಕ್ಯಾನನ್

ಚಿಂತೆ ಹೊಕ್ಕ ಹೊಟ್ಟೆಗೆ ಅನ್ನ ಸೇರದೆಂಬುದನ್ನು ನಾವೆಲ್ಲರೂ ಬಲ್ಲೆವು. ಅದೇಕೆ ಸೇರದೆಂಬುದನ್ನು ಜೀವಂತ ಪ್ರಾಣಿಯ ಉದರದಲ್ಲಿ ಕಣ್ಣಾರೆ ಕಂಡು, ಅದರ ಕಾರಣವನ್ನು ಅರಸುತ್ತ ಆಯುಷ್ಯವನ್ನು ಸವೆಸಿದವನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಬ್ರ್ಯಾಡ್‌ಫರ್ಡ್ ಕ್ಯಾನನ್. ಇಂದು ಎಲ್ಲರ ಬಾಯಲ್ಲಿರುವ ಒತ್ತಡದ ವಿಚಾರಕ್ಕೆ ಶಾಸ್ತ್ರದ ಅಡಿಪಾಯ ಹಾಕಿದವರಲ್ಲಿ ಆತನು ಅಗ್ರಗಣ್ಯನು.

ಕ್ಯಾನನ್ ಜನಿಸಿದ್ದು 1871ನೆಯ ಅಕ್ಟೋಬರ್ 19ರಂದು, ವಿಸ್ಕಾನ್ಸಿನ್ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ. ತಂದೆ ರೈಲ್ವೆಯ ನೌಕರ. ತಾಯಿ ಬಾಲ್ಯದಲ್ಲಿಯೇ ತೀರಿಕೊಂಡಳು. ಓದಿನಲ್ಲಿ ಮಗನ ಪ್ರಗತಿ ಸಾಲದೆಂದು ತಂದೆಯು 14ನೆಯ ವಯಸ್ಸಿನಲ್ಲಿ ಅವನನ್ನು ಶಾಲೆಯಿಂದ ಬಿಡಿಸಿ ರೈಲ್ವೆ ಕಚೇರಿಯಲ್ಲಿ ಕೆಲಸಕ್ಕೆ ಹಚ್ಚಿದನು. ಎರಡು ವರ್ಷಗಳ ತರುವಾಯ ಹುಡುಗನು ವಿದ್ಯೆಯ ಬೆಲೆಯನ್ನರಿತು ಶಾಲೆಗೆ ಮರಳಿದನು. ಮೂರೇ ವರ್ಷಗಳಲ್ಲಿ ಪ್ರೌಢಶಿಕ್ಷಣವನ್ನು ಮುಗಿಸಿ, ವಿದ್ಯಾರ್ಥಿವೇತನದ ಬಲದಿಂದ 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಕಚೇರಿಯ ಮೇಜಿನ ಮುಂದೆ ದಿನ ಕಳೆಯುವ ನಮ್ಮ ತರುಣರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಎಕ್ಸ್-ರೇ ಕಿರಣಗಳು ಬೆಳಕಿಗೆ ಬಂದುದು 1895ರಲ್ಲಿ. ಮರುವರ್ಷವೇ ವೈದ್ಯವಿದ್ಯಾರ್ಥಿಯಾದ ಕ್ಯಾನನ್, ಗುರು ಬೌಡಿಚ್‌ನ ಸೂಚನೆಯಂತೆ, ಈ ಕಿರಣಗಳಿಂದ ಪಚನಕ್ರಿಯೆಯನ್ನು ನೋಡಲು ತೊಡಗಿದನು. ಆಹಾರದಲ್ಲಿ ಬಿಸ್ಮತ್ ಲವಣವನ್ನು ಬೆರೆಸಿ ಬೆಕ್ಕಿಗೆ ಉಣಿಸಿದರೆ, ಜಠರದ ಅಲೆಯಂತಹ ಚಲನೆ ತೆರೆಯ ಮೇಲೆ ನೆರಳಾಗಿ ಕಾಣುತ್ತಿತ್ತು. ಆದರೆ ಬೆಕ್ಕು ಬೆದರಿದೊಡನೆ ಅಲೆಗಳು ನಿಂತುಬಿಡುತ್ತಿದ್ದವು. ಮೈ ತಡವಿ ಸಮಾಧಾನಪಡಿಸಿದರೆ ಮತ್ತೆ ಏಳುತ್ತಿದ್ದವು. ಬೇರೊಬ್ಬನು ಇದನ್ನು ಪ್ರಯೋಗಕ್ಕೆ ಒದಗಿದ ವಿಘ್ನವೆಂದು ಬಿಟ್ಟುಬಿಡಬಹುದಿತ್ತು. ಕ್ಯಾನನ್ ಆ ವಿಘ್ನದ ಬೆನ್ನನ್ನೇ ಹಿಡಿದನು.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳತ್ತ ಆತನ ದೃಷ್ಟಿ ಹರಿಯಿತು. ನಾಯಿಯ ಬೊಗಳುವಿಕೆಗೆ ಹೆದರಿದ ಬೆಕ್ಕಿನ ರಕ್ತದಲ್ಲಿ ಆ ಗ್ರಂಥಿಯ ಸ್ರಾವವಾದ ಅಡ್ರಿನಲೀನ್ ಇರುವುದನ್ನು 1911ರಲ್ಲಿ ಆತನು ತೋರಿಸಿದನು. ಅದರ ಪ್ರಭಾವದಿಂದ ಹೃದಯದ ಬಡಿತ ಏರುತ್ತದೆ. ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತವು ಕರುಳನ್ನು ತೊರೆದು ಮಾಂಸಖಂಡಗಳತ್ತ ಧಾವಿಸುತ್ತದೆ. ಹೋರಾಡಲು ಅಥವಾ ಓಡಲು ದೇಹವು ನಡೆಸುವ ಸಿದ್ಧತೆಯಿದು. ಮನುಷ್ಯನೂ ಇದಕ್ಕೆ ಹೊರತಲ್ಲ. 1913ರಲ್ಲಿ ಹಾರ್ವರ್ಡಿನ ಫುಟ್‌ಬಾಲ್ ಪಂದ್ಯವೊಂದು ಮುಗಿದೊಡನೆ 25 ಮಂದಿ ಆಟಗಾರರನ್ನು ಪರೀಕ್ಷಿಸಲಾಗಿ, 12 ಮಂದಿಯ ಮೂತ್ರದಲ್ಲಿ ಸಕ್ಕರೆ ಕಂಡಿತು. ಅವರಲ್ಲಿ ಐವರು ಆಟಕ್ಕೇ ಇಳಿಯದೆ ಅಂಚಿನಲ್ಲಿ ಕಾದು ಕುಳಿತವರು! ಉದ್ವೇಗವೊಂದೇ ಅಷ್ಟು ಕೆಲಸ ಮಾಡಿತ್ತು.

ಈ ವ್ಯವಸ್ಥೆ ವ್ಯರ್ಥವಾದುದಲ್ಲ. ಅದನ್ನು ನಡೆಸುವ ನರಜಾಲವನ್ನು ಕಿತ್ತ ಬೆಕ್ಕುಗಳು ಪ್ರಯೋಗಶಾಲೆಯ ಬೆಚ್ಚಗಿನ ಆಶ್ರಯದಲ್ಲಿ ಬದುಕಿದುವಾದರೂ, ಚಳಿಯನ್ನು ಎದುರಿಸಲಾರದೆ ಹೋದವು. ಹೊರಗಿನ ಲೋಕ ಎಷ್ಟು ಏರುಪೇರಾದರೂ ಒಳಗಿನ ಶಾಖ, ಸಕ್ಕರೆ, ಲವಣಗಳನ್ನು ದೇಹವು ಸಮಸ್ಥಿತಿಯಲ್ಲಿಡುವ ಈ ಕೌಶಲವನ್ನು ಕ್ಯಾನನ್ 1932ರ ತನ್ನ ಗ್ರಂಥದಲ್ಲಿ ವಿವರಿಸಿದನು.

ಆದರೆ ತೊಡಕು ಇಲ್ಲಿಯೇ ಇದೆ. ಬೆದರಿದ ಬೆಕ್ಕು ಓಡಿ ಮರವೇರಿ ಕ್ಷಣದಲ್ಲಿ ಶಾಂತವಾಗುತ್ತದೆ. ಸಾಲ, ಬಾಡಿಗೆ, ಮೇಲಧಿಕಾರಿಯ ಮುನಿಸುಗಳಿಂದ ಓಡಲು ಮನುಷ್ಯನಿಗೆ ಮರವೆಲ್ಲಿದೆ? ಸಿದ್ಧತೆ ನಡೆಯುತ್ತಲೇ ಇರುತ್ತದೆ. ಓಟ ಮಾತ್ರ ನಡೆಯುವುದಿಲ್ಲ. ಒತ್ತಡ ದೀರ್ಘವಾದರೆ ದೇಹವು ಮೊದಲು ಎಚ್ಚೆತ್ತು, ಬಳಿಕ ತಡೆದುಕೊಂಡು, ಕಡೆಗೆ ಸೋಲುತ್ತದೆಂಬ ವಾದವನ್ನು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಿಂದ ಮುಂದಿಟ್ಟನು. ಅದೇ ಗ್ರಂಥಿಯ ಹೊರಪದರದಿಂದ ಬರುವ ಕಾರ್ಟಿಸಾಲ್ ಬಹುಕಾಲ ಮಿತಿಮೀರಿದರೆ ರಕ್ತದೊತ್ತಡ ಏರುವುದೆಂದೂ, ರೋಗನಿರೋಧಕ ಶಕ್ತಿ ಕುಗ್ಗುವುದೆಂದೂ ಇಂದಿನ ವೈದ್ಯಶಾಸ್ತ್ರ ಬಲ್ಲದು.

ಜ್ಞಾನಕ್ಕೆ ಕ್ಯಾನನ್ ತೆತ್ತ ಬೆಲೆ ಸಣ್ಣದಲ್ಲ. ಎಕ್ಸ್-ರೇಯ ಅಪಾಯವನ್ನು ಲೋಕವಿನ್ನೂ ಅರಿಯದ ಕಾಲದಲ್ಲಿ ಆತನು ಆ ಕಿರಣಗಳ ಮುಂದೆ ದಿನಗಟ್ಟಲೆ ನಿಂತಿದ್ದನು. ಅದರ ಫಲವಾಗಿ ಚರ್ಮವು ಬೆಂದಿತು. ಕೊನೆಯ ವರ್ಷಗಳನ್ನು ರೋಗದ ಯಾತನೆಯಲ್ಲಿ ಕಳೆಯಬೇಕಾಯಿತು. 1942ರವರೆಗೆ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದು, 1945ರ ಅಕ್ಟೋಬರ್ 1ರಂದು ಆತನು ಕಾಲವಶನಾದನು.

ಗಿರಾಕಿಗಳ ನೂಕುನುಗ್ಗಲಿನ ನಡುವೆ ನಿಂತಲ್ಲಿಯೇ ನಾಲ್ಕು ತುತ್ತು ನುಂಗುವ ಬಂಧುವೂ, ಲೆಕ್ಕ ತಾಳೆಯಾಗದ ಕಳವಳದಲ್ಲಿ ಊಟದ ಡಬ್ಬಿ ಬಿಚ್ಚುವ ಗುಮಾಸ್ತನೂ ಈ ಮಹನೀಯನನ್ನು ಒಮ್ಮೆ ನೆನೆಯಲಿ. ದುಡಿಮೆಯ ಭಾರವನ್ನು ಇಳಿಸುವುದು ಎಲ್ಲರ ಕೈಯಲ್ಲಿಲ್ಲ. ಉಣ್ಣುವ ಹತ್ತು ನಿಮಿಷವಾದರೂ ಕುಳಿತು, ನೆಮ್ಮದಿಯಿಂದ ಉಣ್ಣಲು ಬಿಡುವ ಧಣಿಯೂ, ಹಾಗೆ ಉಣ್ಣಲು ಕಲಿತ ನೌಕರನೂ ದೇಹಧರ್ಮವನ್ನು ಅರಿತವರೆಂದು ನಾವು ತಿಳಿಯುತ್ತೇವೆ.