ಮುಖವನ್ನು ಮರಳಿ ಕೊಟ್ಟ ವೈದ್ಯ

ಕನ್ನಡಿಯಲ್ಲಿ ಕಾಣುವ ನಿಮ್ಮ ಮುಖ ಒಂದೇ ದಿನದಲ್ಲಿ ಗುರುತು ಸಿಗದಂತಾದರೆ ನೀವೇನು ಮಾಡುವಿರಿ? ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ನೂರಾರು ತರುಣ ವೈಮಾನಿಕರಿಗೆ ಈ ಗತಿ ಬಂತು. ಆಗಿನ ಯುದ್ಧವಿಮಾನಗಳಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಮುಂದೆಯೇ ಇರುತ್ತಿತ್ತು. ಗುಂಡು ತಗುಲಿದರೆ ಬೆಂಕಿ ನೇರವಾಗಿ ಮುಖಕ್ಕೂ ಕೈಗಳಿಗೂ ನುಗ್ಗುತ್ತಿತ್ತು. ಅವರ ಪಾಲಿಗೆ ಆಸರೆಯಾದವರು ಡಾ. ಆರ್ಚಿಬಾಲ್ಡ್ ಮ್ಯಾಕಿಂಡೋ.

ಅವರು ಹುಟ್ಟಿದ್ದು 1900ರಲ್ಲಿ, ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ. ತಂದೆ ಮುದ್ರಕರು, ತಾಯಿ ಚಿತ್ರಕಲಾವಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ತರಬೇತಿ ಪಡೆದು ಲಂಡನ್ನಿಗೆ ಬಂದ ಅವರಿಗೆ, ಬಂಧುವಾದ ಹೆರಾಲ್ಡ್ ಗಿಲ್ಲಿಸ್ ಅವರು ಪ್ಲಾಸ್ಟಿಕ್ ಸರ್ಜರಿಯ ದಾರಿ ತೋರಿಸಿದರು. ಯುದ್ಧ ಶುರುವಾದ 1939ರಲ್ಲಿ ಮ್ಯಾಕಿಂಡೋ ಅವರು ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಗೆ ಬಂದರು.

ಸುಟ್ಟ ಗಾಯಕ್ಕೆ ಟ್ಯಾನಿಕ್ ಆಮ್ಲ ಹಚ್ಚುವುದು ಆಗಿನ ವಾಡಿಕೆ. ಅದು ಗಾಯದ ಮೇಲೆ ಗಟ್ಟಿ ಹೊಪ್ಪಳೆ ಕಟ್ಟುತ್ತಿತ್ತು. ಬೆರಳುಗಳು ಮುದುಡುತ್ತಿದ್ದವು, ರೆಪ್ಪೆಗಳು ಸೆಳೆದುಕೊಂಡು ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಆದರೆ ಸಮುದ್ರಕ್ಕೆ ಬಿದ್ದು ಬದುಕಿದವರ ಗಾಯಗಳು ನೆಲಕ್ಕೆ ಇಳಿದವರ ಗಾಯಗಳಿಗಿಂತ ಚೆನ್ನಾಗಿ ಮಾಯುತ್ತಿದ್ದುದನ್ನು ಮ್ಯಾಕಿಂಡೋ ಅವರು ಗಮನಿಸಿದರು. ಉಪ್ಪುನೀರೇ ಕಾರಣವಿರಬೇಕೆಂದು ಬಗೆದು, ರೋಗಿಗಳಿಗೆ ಹದವಾಗಿ ಬೆಚ್ಚಗಿನ ಉಪ್ಪುನೀರಿನ ಸ್ನಾನ ಮಾಡಿಸತೊಡಗಿದರು. ಅವರೂ ಇತರ ಕೆಲವು ವೈದ್ಯರೂ ಪಟ್ಟು ಹಿಡಿದ ಮೇಲೆ ಮುಖಕ್ಕೂ ಕೈಗಳಿಗೂ ಆ ಆಮ್ಲ ಹಚ್ಚುವುದು ನಿಂತಿತು. ಇಷ್ಟಕ್ಕೂ ಅವರ ಸಂಶೋಧನೆ ಆರಂಭವಾದದ್ದು ರೋಗಿಯ ಹಾಸಿಗೆಯ ಬಳಿ ನಿಂತು ಕಣ್ಣುಬಿಟ್ಟು ನೋಡಿದ್ದರಿಂದ.

ಆಮೇಲೆ ಶಸ್ತ್ರಚಿಕಿತ್ಸೆ. ಮೊದಲು ರೆಪ್ಪೆ, ನಂತರ ತುಟಿ, ಮೂಗು. ದೇಹದ ಬೇರೆಡೆಯ ಚರ್ಮವನ್ನು ಪೂರ್ತಿ ಕತ್ತರಿಸದೆ ಕೊಳವೆಯಂತೆ ಸುತ್ತಿ, ಒಂದು ತುದಿಯಿಂದ ರಕ್ತ ಹರಿಯುತ್ತಿರುವಂತೆಯೇ ಇನ್ನೊಂದು ತುದಿಯನ್ನು ಮುಖಕ್ಕೆ ಹೊಲಿಯುತ್ತಿದ್ದರು. ಅದು ಹತ್ತಿಕೊಳ್ಳಲು ವಾರಗಳೇ ಬೇಕು. ಕೆಲವರು ವರ್ಷಗಟ್ಟಲೆ, ಹತ್ತಾರು ಬಾರಿ ಆಪರೇಷನ್ ಮಾಡಿಸಿಕೊಂಡರು.

ಮುಖ ಹೊಲಿದರಷ್ಟೇ ಸಾಲದು ಎಂಬುದನ್ನು ಮ್ಯಾಕಿಂಡೋ ಅವರು ಬಲ್ಲವರಾಗಿದ್ದರು. ವಾರ್ಡಿನಲ್ಲಿ ರೋಗಿಗಳ ಉಡುಪಿನ ಬದಲು ತಮ್ಮ ಸಮವಸ್ತ್ರ ತೊಡಲು ಬಿಟ್ಟರು. ಬಿಯರಿನ ಪೀಪಾಯಿಯನ್ನೂ ಇಡಿಸಿದರು. ಊರಿನವರನ್ನು ಕಂಡು, ಈ ಹುಡುಗರನ್ನು ಮನೆಗೆ ಕರೆಯಿರಿ, ಎವೆಯಿಕ್ಕದೆ ದಿಟ್ಟಿಸಬೇಡಿ ಎಂದು ಕೇಳಿಕೊಂಡರು. ಊರು ಆ ಮಾತನ್ನು ನಡೆಸಿಕೊಟ್ಟಿತು. ದಿಟ್ಟಿಸದ ಊರು ಎಂಬ ಹೆಸರು ಅದಕ್ಕೆ ಇಂದಿಗೂ ಇದೆ.

1941ರಲ್ಲಿ ರೋಗಿಗಳೇ ಸೇರಿ ಒಂದು ಸಂಘ ಕಟ್ಟಿದರು. ತಾವು ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಒಳಗಾದವರಲ್ಲವೇ? ಅದಕ್ಕೆಂದೇ ಪ್ರಯೋಗಶಾಲೆಯ ಪುಟ್ಟ ಪ್ರಾಣಿಯ ಹೆಸರಿನಲ್ಲಿ ಗಿನಿಪಿಗ್ ಕ್ಲಬ್ ಎಂದು ಕರೆದುಕೊಂಡರು. ಕಾಲು ಸುಟ್ಟವನನ್ನು ಖಜಾಂಚಿ ಮಾಡಿದರು, ಹಣದೊಂದಿಗೆ ಓಡಿಹೋಗಲಾರ ಎಂದು! ಯುದ್ಧ ಮುಗಿಯುವಾಗ ಸದಸ್ಯರು 649 ಮಂದಿ.

1947ರಲ್ಲಿ ಮ್ಯಾಕಿಂಡೋ ಅವರಿಗೆ ಸರ್ ಪದವಿ ಸಂದಿತು. 1960ರಲ್ಲಿ ಅವರು ತೀರಿಕೊಂಡಾಗ, ಚಿತಾಭಸ್ಮವನ್ನು ಲಂಡನ್ನಿನಲ್ಲಿ ವಾಯುಪಡೆಯ ದೇವಾಲಯವಾದ ಸೇಂಟ್ ಕ್ಲೆಮೆಂಟ್ ಡೇನ್ಸ್‌ನಲ್ಲಿ ಇರಿಸಲಾಯಿತು.

ಓದುಗರೇ, ಸ್ಟವ್ ಸಿಡಿದು, ಆಸಿಡ್ ಬಿದ್ದು ಮುಖ ಕೆಟ್ಟವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಆಪರೇಷನ್ ಮಾಡುವ ವಿದ್ಯೆ ನಮಗಿಲ್ಲ. ಆದರೆ ಆ ಪಟ್ಟಣದ ಜನ ಮಾಡಿದ್ದನ್ನು ನಾವೂ ಮಾಡಬಹುದು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಅಂಥವರು ಎದುರಾದರೆ ದಿಟ್ಟಿಸಬೇಡಿ, ಮುಖ ತಿರುಗಿಸಿಕೊಳ್ಳಲೂ ಬೇಡಿ. ಪಕ್ಕದಲ್ಲಿ ಕುಳಿತು, ಊಟ ಆಯಿತೇ ಎಂದು ಕೇಳಿ.